ಕುಂಬಳಕಾಯಿಯ ಬಟ್ಟಿ ಸರಿದದ್ದು

ನಮ್ಮ ಬಚ್ಚಲುಮನೆಯ ಗೋಡೆಯ ಮೇಲೆ ಒಂದು ಪ್ಲಾಸ್ಟಿಕ್ ಕೊಂಡಿ ಇದೆ. ಅದಕ್ಕೆ ಮೊಳೆ ಇಲ್ಲ, ಅಂಟು ಇಲ್ಲ. ಹಿಂದುಗಡೆ ಒಂದು ರಬ್ಬರಿನ ಬಟ್ಟಲು; ಟೈಲ್ಸಿಗೆ ಒತ್ತಿದರೆ ಕಚ್ಚಿಕೊಂಡು ಕೂರುತ್ತದೆ. ಇಡೀ ಮನೆಯವರ ಟವೆಲ್ಲುಗಳನ್ನು ಇದಕ್ಕೆ ನೇತುಹಾಕಬಹುದು ಎಂದು ಅದನ್ನು ತಂದವರ, ಅಂದರೆ ನಮ್ಮವರ, ಅಂಬೋಣ. ನಾನು ಇದುವರೆಗೆ ಒಂದು ಕರ್ಚೀಫನ್ನೂ ಹಾಕಿಲ್ಲ. ಯಾವ ಆಧಾರವೂ ಕಾಣದೆ ಗೋಡೆಗೆ ಅಂಟಿಕೊಂಡಿರುವ ವಸ್ತುವನ್ನು ನಂಬುವುದಾದರೂ ಹೇಗೆ, ನೀವೇ ಹೇಳಿ. ಸ್ನಾನಕ್ಕೆ ಹೋದಾಗಲೆಲ್ಲ ಅದನ್ನು ಒಮ್ಮೆ ಓರೆಗಣ್ಣಿನಿಂದ ನೋಡಿಯೇ ತಂಬಿಗೆ ಎತ್ತುತ್ತೇನೆ.

"ಗಾಳಿ ಹಿಡಕೊಂಡೈತಿ ಅದನ್ನ," ಎಂದರು ನಮ್ಮವರು.

"ಎಲ್ಲೀತನಕ ಹಿಡಕೊಂಡಿರ್ತೈತಿ?" ಎಂದು ಕೇಳಿದೆ.

ಈ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರ ಇದ್ದಂತಿಲ್ಲ. ಅವರು ಪೇಪರು ತೆಗೆದುಕೊಂಡು ಕಟ್ಟೆಗೆ ಹೋಗಿ ಕೂತರು.

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಇದು ತವರಿನಿಂದ ಬಂದದ್ದು. ನನ್ನ ತವರು ಇಂಡಿ. ಅಲ್ಲಿ ನಿಂಬೆಯ ತೋಟಗಳು ಹೆಚ್ಚು, ನಮ್ಮಪ್ಪನದೂ ಒಂದಿತ್ತು. ಹಣ್ಣಾದ ನಿಂಬೆ ತಾನಾಗಿ ಗಿಡದಿಂದ ಕಳಚಿ ನೆಲಕ್ಕೆ ಬೀಳುತ್ತದೆ, ಬೆಳಿಗ್ಗೆ ಹೋಗಿ ಬುಟ್ಟಿಗೆ ಆರಿಸಿಕೊಂಡು ಬರಬೇಕು. ಹಣ್ಣು ಬೀಳುವುದನ್ನು ನೋಡಿ ಯಾರೋ ದೊಡ್ಡ ಸಿದ್ಧಾಂತ ಕಂಡುಹಿಡಿದರೆಂದು ಸಾಲೆಯಲ್ಲಿ ಓದಿದಾಗ ನನಗೆ ಬಹಳ ಆಶ್ಚರ್ಯವಾಗಿತ್ತು. ನಮ್ಮೂರಲ್ಲಿ ದಿನಾ ಬುಟ್ಟಿಗಟ್ಟಲೆ ಬೀಳುತ್ತಿದ್ದವು. ಯಾಕೆ ಬಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಬಿದ್ದದ್ದನ್ನು ಯಾರು ಎತ್ತಿಕೊಂಡು ಹೋದರು ಎಂದು ಮಾತ್ರ ಕೇಳುತ್ತಿದ್ದರು. ಬೇಲಿಯಾಚೆಯ ತೋಟದವನ ಬುಟ್ಟಿ ನಮ್ಮದಕ್ಕಿಂತ ಯಾಕೆ ಬೇಗ ತುಂಬುತ್ತದೆ ಎನ್ನುವುದೇ ನಮ್ಮವ್ವನ ಆಜನ್ಮದ ಸಂಶೋಧನೆಯಾಗಿತ್ತು. ಅಂಥ ತಾಯಿಯ ಮಗಳು ನಾನು.

ಇಂಥವಳನ್ನು ಹೈಸ್ಕೂಲಿನ ವಿಜ್ಞಾನದ ಮಾಸ್ತರರಿಗೆ ಕೊಟ್ಟು ಮದುವೆ ಮಾಡಿದರು. ಇವರ ವರ್ಗಾವಣೆಯ ಬಾಲ ಹಿಡಿದು ನಾನು ಮುದ್ದೇಬಿಹಾಳ ಕಂಡೆ, ಬಸವನ ಬಾಗೇವಾಡಿ ಕಂಡೆ, ಸಿಂದಗಿ ಕಂಡೆ. ಹೋದ ಹೋದಲ್ಲೆಲ್ಲ ಇವರು ಕಣ್ಣಿಗೆ ಕಾಣದ್ದನ್ನೇ ನಂಬಿಸಲು ಹೊರಡುವವರು. ಮದುವೆಯಾದ ಹೊಸತರಲ್ಲಿ, ಬೇರೆ ಗಂಡಂದಿರು ಹೆಂಡತಿಗೆ ಮಲ್ಲಿಗೆ ತಂದುಕೊಡುವ ಕಾಲದಲ್ಲಿ, ಇವರು ನನ್ನನ್ನು ಎದುರಿಗೆ ಕೂರಿಸಿಕೊಂಡು, "ಈಗ ನಿನ್ನ ನೆತ್ತಿ ಮ್ಯಾಲ ಮೂರ್ನಾಕ ಚೀಲ ಜೋಳದಷ್ಟು ಗಾಳಿ ಕುಂತೈತಿ, ಗೊತ್ತೈತೇನು?" ಎಂದಿದ್ದರು. ನಾನು ಗಾಬರಿಯಾಗಿ ತಲೆ ಮುಟ್ಟಿ ನೋಡಿಕೊಂಡೆ. ಬೈತಲೆ ಬೊಟ್ಟು ಬಿಟ್ಟರೆ ಏನೂ ಇರಲಿಲ್ಲ.

"ಮತ್ತ ನನಗ ಗೊತ್ತ ಆಗವಲ್ದಲ್ಲ?"

"ಎಲ್ಲಾ ಕಡಿಂದ ಒಂದ ಸಮ ಒತ್ತತೈತಿ. ಒಳಗಿಂದನೂ ಅಷ್ಟ ಒತ್ತತೈತಿ. ಹುಟ್ಟಿದಾಗಿಂದ ಹಿಂಗ ಇರೂದರಿಂದ ಗೊತ್ತಾಗಂಗಿಲ್ಲ."

ಎಲ್ಲ ಕಡೆಯಿಂದಲೂ ಒಂದೇ ಸಮ ಒತ್ತಿದರೆ ಗೊತ್ತಾಗುವುದಿಲ್ಲವಂತೆ. ಹೊಸ ಹೆಂಡತಿಯ ಮುಂದೆ ಕೂತು ಗಂಡ ಈ ಮಾತು ಹೇಳಿದರೆ ಅನುಮಾನ ಬರುವುದೋ ಇಲ್ಲವೋ. ಇದು ಗಾಳಿಯ ವಿಷಯವೋ ಅಥವಾ ಮುಂದೆ ಬರಲಿರುವ ಸಂಸಾರದ ಬಗ್ಗೆ ನನಗೆ ಕೊಡುತ್ತಿರುವ ಸೂಚನೆಯೋ ಎಂದು ಆ ದಿನವಿಡೀ ಯೋಚಿಸಿದ್ದೆ.

ಭೂಮಿ ನಮ್ಮನ್ನು ಎಳೆಯುವ ವಿಷಯವೂ ಹೀಗೆಯೇ. ಎಳೆಯುತ್ತದೆ ಎಂದು ಇವರು ಹೇಳುತ್ತಾರೆ, ನಾನು ಹೂಂ ಅನ್ನುತ್ತೇನೆ. ಖಾತ್ರಿಯಾದದ್ದು ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ. ಬಾಗೇವಾಡಿ ದಾಟಿದ ಮೇಲೆ ಒಂದು ತಗ್ಗಿನಲ್ಲಿ ಬಸ್ಸು ಇಳಿದು ಎದ್ದಾಗ ನಾನು ಸೀಟು ಬಿಟ್ಟು ಮೇಲಕ್ಕೆ ಹೋದೆ. ಕೆಳಗೆ ಬಂದಾಗ ಹೊಟ್ಟೆ ಇನ್ನೂ ಮೇಲೆಯೇ ಇತ್ತು. ಆ ಒಂದು ಕ್ಷಣ, ನನ್ನನ್ನು ಇಷ್ಟು ದಿನ ಹಿಡಿದಿಟ್ಟದ್ದು ಏನೋ ಇತ್ತು, ಈಗ ಕೈಬಿಟ್ಟಿತು ಎಂದು ಚೆನ್ನಾಗಿ ತಿಳಿಯಿತು. ಆಮೇಲೆ ಬಾನೆಟ್ಟಿನ ಪಕ್ಕದ ಸೀಟು ಸಿಕ್ಕಿತು. ಮತ್ತೆ ಮರೆತೆ.

ಇನ್ನು ಸಂತೆಯ ತಕ್ಕಡಿ. ಭೂಮಿ ಯಾರಿಗೂ ಭೇದ ಮಾಡದೆ ಎಲ್ಲವನ್ನೂ ಎಳೆಯುತ್ತದೆ ಎನ್ನುವುದು ನಮ್ಮವರ ಪಾಠ. ದೇವರ ಹಿಪ್ಪರಗಿಯ ಸಂತೆಯಲ್ಲಿ ತೊಗರಿಬೇಳೆ ಕೊಳ್ಳುವಾಗ ತಕ್ಕಡಿಯ ತಟ್ಟೆಯ ಅಡಿಗೆ ಅಂಟಿದ ಹುಣಸೆಹಣ್ಣಿನ ಉಂಡೆಯೂ ಒಂದಿಷ್ಟು ಎಳೆಯುತ್ತದೆ ಎನ್ನುವುದು ನನ್ನ ಪಾಠ. ನಾನು ಬಗ್ಗಿ ತಟ್ಟೆಯ ಅಡಿ ನೋಡಿಯೇ ಕೊಳ್ಳುವುದು. ಅಂಗಡಿಯವರಿಗೆ ಗೊತ್ತಾಗಿ, ನನ್ನನ್ನು ಕಂಡ ಕೂಡಲೇ, "ಬರ್ರಿ ಅಕ್ಕಾರ, ಮದಲ ಕೆಳಗ ನೋಡ್ರಿ, ಆಮ್ಯಾಲ ಮ್ಯಾಲ ನೋಡ್ರಿ," ಎಂದು ತಾವೇ ತಟ್ಟೆ ಎತ್ತಿ ತೋರಿಸುತ್ತಿದ್ದರು. ತೋರಿಸುವವರ ಮೇಲೆ ನನಗೆ ಇನ್ನೂ ಜಾಸ್ತಿ ಅನುಮಾನ.

ದೇವರ ಹಿಪ್ಪರಗಿ ಎಂದೆನಲ್ಲ. ತೊಂಬತ್ತರ ದಶಕದ ನಡುವಿನ ಕೆಲವು ವರ್ಷ ನಾವು ಅಲ್ಲಿದ್ದೆವು. ನಮ್ಮತ್ತೆ ಗಂಗವ್ವನೂ ನಮ್ಮ ಜೊತೆಗಿದ್ದರು. ಎತ್ತರದ ಆಳು, ಮಾತು ಕಡಿಮೆ, ಹಣೆಯ ಉದ್ದಕ್ಕೂ ವಿಭೂತಿ. ಮಗ ಕಾಣದ್ದನ್ನು ಕಲಿಸುವವನಾದರೆ ತಾಯಿ ಕಾಣದ್ದಕ್ಕೆ ಔಷಧ ಮಾಡುವವರು. ಅವರು ಬಟ್ಟಿ ನೋಡುತ್ತಿದ್ದರು.

ಬಟ್ಟಿ ಎಂದರೆ ಹೊಕ್ಕಳ ಹತ್ತಿರ ಕೈಯಿಟ್ಟರೆ ಬಡಿಯುವ ನಾಡಿ. ವಜನು ಎತ್ತಿದರೆ, ಕಾಲು ತಪ್ಪಿದರೆ ಅದು ಜಾಗ ಬಿಟ್ಟು ಸರಿಯುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಸರಿಯಿತೆಂದರೆ ಹೊಟ್ಟೆ ನುಲಿಯುತ್ತದೆ, ಊಟ ಸೇರುವುದಿಲ್ಲ, ಕೈಕಾಲು ಸೋಲುತ್ತವೆ. ಆಗ ಹೆಣ್ಣುಮಕ್ಕಳು ಸೆರಗು ಸುತ್ತಿಕೊಂಡು ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಅತ್ತೆ ಅವರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆ ಒತ್ತಿ ನೋಡುವರು. ಜೋಳದ ಹಿಟ್ಟಿನ ಸಣ್ಣ ಬಿಲ್ಲೆ ತಟ್ಟಿ ಹೊಕ್ಕಳ ಮೇಲಿಟ್ಟು, ಅದರೊಳಗೆ ಎಣ್ಣೆಬತ್ತಿ ನಿಲ್ಲಿಸಿ ಹಚ್ಚುವರು. ಅದು ಉರಿಯುತ್ತಿರುವಾಗಲೇ ಹಿತ್ತಾಳೆಯ ತಂಬಿಗೆಯನ್ನು ಬೋರಲು ಹಾಕುವರು. ದೀಪ ಆರುತ್ತಿತ್ತು, ಹೊಟ್ಟೆಯ ಚರ್ಮ ತಂಬಿಗೆಯೊಳಗೆ ಏರಿ ಬಿಗಿಯುತ್ತಿತ್ತು. ಆಮೇಲೆ ಹಿಡಿದೆಳೆದರೂ ತಂಬಿಗೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಅಂಚಿನಲ್ಲಿ ಬೆರಳೊತ್ತಿದರೆ ಪುಸ್ಸೆಂದು ಬಿಡುತ್ತಿತ್ತು.

ಇಷ್ಟಾದ ಮೇಲೆ ಅತ್ತೆ ಒಂದು ಮಾತು ಹೇಳುವರು. "ಮುಂದಿನ ಸಂತಿ ತನಕ ಕೊಡ ಎತ್ತಂಗಿಲ್ಲ. ಬಗ್ಗಿ ಕಸಾ ಹೊಡ್ಯಾಂಗಿಲ್ಲ."

ಈ ಮಾತಿಗೆ ಊರಿನಲ್ಲಿ ಅಪೀಲಿರಲಿಲ್ಲ. ಬಂದವಳ ಅತ್ತೆ ಎಂಥವಳಾದರೂ ಕೇಳಲೇಬೇಕು. ಬಟ್ಟಿ ಸರಿದವಳು ಕೊಡ ಎತ್ತಿದರೆ ಅದು ಮತ್ತೆ ಜಾಗಕ್ಕೆ ಬರುವುದೇ ಇಲ್ಲ ಎಂಬ ಹೆದರಿಕೆ ಎಲ್ಲರಿಗೂ ಇತ್ತು.

ನಾನು ಬಾಗಿಲ ಸಂದಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ತಂಬಿಗೆಯನ್ನು ಅತ್ತೆಯ ಮಂತ್ರ ಎಳೆಯುತ್ತದೆಯೋ, ಮಗ ಹೇಳುವಂತೆ ಹೊರಗಿನ ಗಾಳಿ ಒತ್ತುತ್ತದೆಯೋ ನನಗೆ ಬೇಕಿರಲಿಲ್ಲ. ಬಂದವರ ಹೊಟ್ಟೆನೋವು ಖರೆಯೋ ಸುಳ್ಳೋ ಎನ್ನುವುದೇ ನನ್ನ ಚಿಂತೆ. ಅದರಲ್ಲೂ ಪಕ್ಕದ ಮನೆಯ ಕಸ್ತೂರಿಯದು.

ಕಸ್ತೂರಿ ನೀಲವ್ವನ ಸೊಸೆ. ಮೋರಟಗಿಯ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತು. ನೀಲವ್ವನದು ದೊಡ್ಡ ಗಂಟಲು; ಅವಳು ಮನೆಯೊಳಗೆ ಮಾತಾಡಿದರೆ ನಮ್ಮ ಮನೆಯಲ್ಲಿ ಉತ್ತರ ಕೊಡಬಹುದಿತ್ತು. ಆ ಮನೆಯಲ್ಲಿ ನೀಲವ್ವನ ಗಂಡ ಬಸಣ್ಣ ಮತ್ತು ಮಗ ಇಬ್ಬರು ಗಂಡಸರಿದ್ದರು, ಎರಡು ಎತ್ತು, ಒಂದು ಎಮ್ಮೆ ಇದ್ದವು. ಇಷ್ಟು ಜೀವಕ್ಕೂ ಬೇಕಾದ ನೀರನ್ನು ಕಸ್ತೂರಿ ಬಸ್‌ಸ್ಟ್ಯಾಂಡಿನ ಆಚೆಗಿದ್ದ ಬೋರಿಂಗಿನಿಂದ, ಅಂದರೆ ಕೈಪಂಪಿನಿಂದ, ಹೊತ್ತು ತರಬೇಕಿತ್ತು. ತಲೆಯ ಮೇಲೆ ಎರಡು ಕೊಡ, ಸೊಂಟದಲ್ಲಿ ಒಂದು. ನಮ್ಮ ಮನೆಯ ನೀರನ್ನು ನಮ್ಮವರೇ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ತರುತ್ತಿದ್ದರು. ಭಾರ ಹೊರುತ್ತಿದ್ದದ್ದು ಸೈಕಲ್ಲು, ಒಳ್ಳೆಯ ಗಂಡ ಎಂಬ ಹೆಸರು ಮಾತ್ರ ಇವರಿಗೆ.

ಕಸ್ತೂರಿಯ ಬಟ್ಟಿ ಪದೇ ಪದೇ ಸರಿಯುತ್ತಿತ್ತು. ಬೇರೆಯವರ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತಿರುವ ಬಟ್ಟಿ ಇವಳೊಬ್ಬಳಲ್ಲಿ ಮಾತ್ರ ಯಾಕೆ ಇಷ್ಟು ತಿರುಗಾಡುತ್ತದೆ ಎಂದು ನನಗೆ ಅನುಮಾನ. ಇನ್ನೊಂದು ಸಾಕ್ಷಿಯೂ ಸಿಕ್ಕಿತ್ತು. ತಂಬಿಗೆ ಹಾಕಿಸಿಕೊಂಡು ಮಲಗಿದಾಗ ಅವಳು ನಿದ್ದೆಹೋಗುತ್ತಿದ್ದಳು. ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ. ಹೊಟ್ಟೆ ನೋಯುವವರು ಹೀಗೆ ನಿದ್ದೆ ಮಾಡುತ್ತಾರೆಯೇ? ಅತ್ತೆಗೆ ಹೇಳಿದೆ.

"ಮಕ್ಕೋಲಿ ಬಿಡು," ಎಂದರು ಅತ್ತೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಒಂದು ಮಧ್ಯಾಹ್ನ ಕಸ್ತೂರಿ ಮತ್ತೆ ಬಂದಳು. ನಾನು ನನ್ನ ಬಾಗಿಲ ಸಂದಿಗೆ ಹೋದೆ. ಅತ್ತೆ ಹೊಟ್ಟೆ ಒತ್ತಿದರು. ಅವರ ಕೈ ಅಲ್ಲಿಯೇ ನಿಂತಿತು. ಮತ್ತೆ ಮೆತ್ತಗೆ ಒತ್ತಿದರು. ಕಸ್ತೂರಿಯ ಮುಖ ನೋಡಿದರು. ಅವಳು ಕಣ್ಣು ಮುಚ್ಚಿಕೊಂಡಳು. ಅತ್ತೆ ಹಿಟ್ಟಿನ ಬಿಲ್ಲೆಯನ್ನೂ ಇಡಲಿಲ್ಲ, ಬತ್ತಿಯನ್ನೂ ಹಚ್ಚಲಿಲ್ಲ. ಖಾಲಿ ತಂಬಿಗೆಯನ್ನು ಅವಳ ಹೊಟ್ಟೆಯ ಮೇಲೆ ಸುಮ್ಮನೆ ಇಟ್ಟು, ಬೀಳದ ಹಾಗೆ ಒಂದು ಕೈಯಿಂದ ಹಿಡಿದುಕೊಂಡು ಕೂತರು. ಆಗಲೇ ಕಾಂಪೌಂಡಿನ ಆಚೆಯಿಂದ ನೀಲವ್ವನ ತಲೆ ಕಾಣಿಸಿತು.

"ಏನಾಗೇತಿ ಗಂಗಕ್ಕ?"

"ಈ ಸಲ ಭಾಳ ಸರದೈತಿ. ಯಾಡ್ಮೂರ ತಿಂಗಳರ ಬೇಕು. ಸಂತಿ ಸಂತಿಗಿ ಬಂದು ತಂಬಿಗಿ ಹಾಕಿಸ್ಕೋಬೇಕು. ಅಲ್ಲೀತನಕ ಕೊಡ ಮುಟ್ಟಂಗಿಲ್ಲ."

ನೀಲವ್ವ ಗೊಣಗುತ್ತ ಹೋದಳು. ನನಗೆ ಕಳ್ಳರನ್ನು ಕೈಯಾರೆ ಹಿಡಿದಷ್ಟು ಸಂತೋಷವಾಯಿತು. ಕಸ್ತೂರಿ ಎದ್ದು ಹೋದ ಮೇಲೆ ಕೇಳಿಯೇ ಬಿಟ್ಟೆ. "ಅತ್ತೀ, ಇವತ್ತ ದೀಪನ ಹಚ್ಚಲಿಲ್ಲ. ತಂಬಿಗಿ ಹಿಡೀಲಿಲ್ಲ. ಮತ್ತ ಹೆಂಗ ಸರದೈತಿ ಅಂದ್ರಿ?"

"ಬಸುರಿ ಹೊಟ್ಟಿ ಮ್ಯಾಲ ಬೆಂಕಿ ಹಚ್ಚತಾರೇನ?" ಎಂದರು ಅತ್ತೆ. ತಂಬಿಗೆ ಒರೆಸಿಟ್ಟರು. "ಹ್ವಾದ ವರ್ಷ ಒಂದು ಬಸರ ಹೋಗೈತಿ. ಬೋರಿಂಗ್ ದಾರ್ಯಾಗ. ಕೊಡ ಹೊತಗೊಂಡ ಮನೀತನಕ ಬಂದಿತ್ತ ಆ ಪೋರಿ."

"ಹಂಗಾರ ಬಸುರಿ ಅದಾಳ ಅಂತ ನೀಲವ್ವಗ ಹೇಳಬೇಕಲ್ರಿ."

"ಹ್ವಾದ ಸಲ ಕಸ್ತೂರಿ ಹೇಳಿದ್ಲು. ಏನಂದ್ಲ ಗೊತ್ತೈತೇನು ನೀಲವ್ವ? ನಾವೆಲ್ಲಾ ದಿನ ತುಂಬೂತನಕ ನೀರ ಹೊತ್ತೇವಿ, ಬಸರ ಅಂದ್ರ ಜಡ್ಡಲ್ಲ ಅಂದ್ಲು." ಅತ್ತೆ ಚಾಪೆ ಸುತ್ತಿಟ್ಟರು. "ಈ ಊರಾಗ ಬಸುರಿಗೆ ಸೂಟಿ ಇಲ್ಲ. ಬಟ್ಟಿಗೆ ಐತಿ. ನೀ ಇದನ್ನ ಯಾರ ಮುಂದೂ ಅನಬ್ಯಾಡ. ನಿನ್ನ ಗಂಡಗೂ."

ನಿದ್ದೆಹೋಗುತ್ತಿದ್ದ ಆ ಮುಖ ನನ್ನ ಕಣ್ಣಿಗೆ ಬಂತು. ನನಗೆ ಅವತ್ತು ಊಟ ಸೇರಲಿಲ್ಲ. ಮನಸ್ಸಿನಲ್ಲಿ ಇಷ್ಟು ದಿನ ನಾನು ಮಾಡಿದ ವಿಚಾರಣೆ, ಸಂಗ್ರಹಿಸಿದ ಸಾಕ್ಷಿಗಳೆಲ್ಲ ನಾಚಿಕೆ ತಂದವು. ಆದರೂ ಹುಟ್ಟುಗುಣ, ಅತ್ತೆ ನನಗೆ ಪೂರ್ತಿ ಹೇಳಿದರೋ ಅರ್ಧ ಹೇಳಿದರೋ ಎಂದು ಒಂದು ಸಣ್ಣ ಅನುಮಾನ ಉಳಿದೇ ಇತ್ತು.

ಹೀಗೆ ಕೆಲವು ಸಂತೆಗಳು ಕಳೆದವು. ಕಸ್ತೂರಿ ವಾರಕ್ಕೊಮ್ಮೆ ಬಂದು ಖಾಲಿ ತಂಬಿಗೆಯ ಕೆಳಗೆ ಮಲಗಿ ಎದ್ದು ಹೋಗುತ್ತಿದ್ದಳು. ಕೊಡ ನೀಲವ್ವನ ಪಾಲಿಗೆ ಬಂದಿತ್ತು, ಅವಳ ಗಂಟಲು ಇನ್ನೂ ಒಂದು ಸುತ್ತು ದೊಡ್ಡದಾಗಿತ್ತು. ಆಗಲೇ ನಮ್ಮವರ ಸಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತು. ಪಾಲಕರನ್ನೂ ಊರವರನ್ನೂ ಕರೆದಿದ್ದರು. ಬೆಳಿಗ್ಗೆ ಇವರು ಹೊರಡುವಾಗ, "ಯವ್ವಾ, ತಂಬಿಗಿ ಒಯ್ತೇನಿ," ಎಂದರು. ನೀರು ಕುಡಿಯಲಿಕ್ಕೆ ಇರಬೇಕು ಎಂದು ಅತ್ತೆ ಹೂಂ ಅಂದರು. ಇವರ ಚೀಲದಲ್ಲಿ ಒಂದು ಕುಂಬಳಕಾಯಿಯೂ ಇತ್ತು. ಅದನ್ನು ನೋಡಿದ ಕೂಡಲೇ ನನಗೆ ಸಂಶಯ ಬರಬೇಕಾಗಿತ್ತು. ಯಾಕೋ ಅವತ್ತು ಬರಲಿಲ್ಲ.

ನಾನು ಸಾಲೆಗೆ ಹೋಗಿ ನೋಡುತ್ತೇನೆ, ಮೇಜಿನ ಮೇಲೆ ನಮ್ಮ ತಂಬಿಗೆ, ಪಕ್ಕದಲ್ಲಿ ಕುಂಬಳಕಾಯಿ, ಮುಂದಿನ ಸಾಲಿನಲ್ಲಿ ನೀಲವ್ವ. ಇವರು ಕುಂಬಳಕಾಯಿಯ ಮೇಲೆ ಹಿಟ್ಟಿನ ಬಿಲ್ಲೆ ಇಟ್ಟರು, ಬತ್ತಿ ಹಚ್ಚಿದರು, ತಂಬಿಗೆ ಬೋರಲು ಹಾಕಿದರು. ಎತ್ತಿದರೆ ತಂಬಿಗೆಯ ಜೊತೆಗೆ ಕುಂಬಳಕಾಯಿಯೂ ಮೇಲೆದ್ದು ಬಂತು. ಜನ ಚಪ್ಪಾಳೆ ಹೊಡೆದರು.

"ದೀಪ ಉರದಾಗ ತಂಬಿಗಿ ಒಳಗಿನ ಗಾಳಿ ಕಾದು ಹೊರಗ ಹೋಗ್ತೈತಿ," ಎಂದರು ಇವರು. "ದೀಪ ಆರಿ ತಣ್ಣಗಾದ ಮ್ಯಾಲ ಒಳಗಿನ ಒತ್ತಡ ಕಮ್ಮಿ ಆಗ್ತೈತಿ, ಹೊರಗಿನ ಗಾಳಿ ಒತ್ತಿ ಹಿಡೀತೈತಿ. ಇದರಾಗ ಜಾದು ಏನೂ ಇಲ್ಲ. ಇಲ್ಲಾಂದ್ರ ಹೇಳ್ರಿ, ಈ ಕುಂಬಳಕಾಯಿದೂ ಬಟ್ಟಿ ಸರದೈತೇನು?"

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೀಲವ್ವ ನಗಲಿಲ್ಲ. ಅವಳು ಕುಂಬಳಕಾಯಿಯನ್ನೇ ದಿಟ್ಟಿಸಿ ನೋಡುತ್ತಿದ್ದಳು. ಅನುಮಾನಪಡುವವರ ಕಣ್ಣು ನನಗೆ ಗೊತ್ತು, ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

ಸಂಜೆ ಕಾಂಪೌಂಡಿನ ಆಚೆಯಿಂದ ದನಿ ಬಂತು. "ಗಂಗಕ್ಕ, ನಿನ್ನ ಮಗ ಕುಂಬಳಕಾಯಿಗೂ ತಂಬಿಗಿ ಹಾಕಿದನಲ್ಲವಾ. ಬಟ್ಟಿ ಇಲ್ಲ, ಏನಿಲ್ಲ, ಬರೇ ಗಾಳಿ ಅಂತ ತಿಳಿಸಿ ಹೇಳಿದ. ಇಷ್ಟ ದಿನಾ ನನ್ನ ಸೊಸಿ ನಾಟಕ ಆಡಿ ನನ್ನ ಕಡಿಂದ ನೀರ ಹೊರಿಸಿದ್ಲು ಅಂದಂಗಾತು. ನಾಳಿಂದ ಹೊರ್ತಾಳ ಬಿಡು."

ಮಗ ಊಟಕ್ಕೆ ಕೂತಾಗ ಅತ್ತೆ ರೊಟ್ಟಿ ಬಡಿಯುತ್ತ ಕೂತಿದ್ದರು. ಇವರಿನ್ನೂ ಚಪ್ಪಾಳೆಯ ಗುಂಗಿನಲ್ಲಿದ್ದರು. "ಯವ್ವಾ, ಗಾಳಿದ ಎಲ್ಲಾ ಅಂತ ಹೇಳಿದ್ದಕ್ಕ ನಿನಗ ಸಿಟ್ಟ ಬಂದೈತೇನು?"

"ಗಾಳಿದ ಐತಿ. ನಾ ಯಾವಾಗ ಅಲ್ಲ ಅಂದೇನಿ?" ಎಂದರು ಅತ್ತೆ. ಆಮೇಲೆ ಕಸ್ತೂರಿಯ ವಿಷಯ ಹೇಳಿದರು, ಹೋದ ವರ್ಷದ ಬೋರಿಂಗ್ ದಾರಿಯದು, ಈ ವರ್ಷದ ಖಾಲಿ ತಂಬಿಗೆಯದು, ಎಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುವಷ್ಟರಲ್ಲಿ ಹೇಳಿ ಮುಗಿಸಿದರು. "ಇನ್ನೂ ಮೂರು ತುಂಬಿಲ್ಲ. ನಾಳಿ ಮೂರು ಕೊಡ ಹೊರ್ತಾಳ."

ಇವರ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ನಾನು ಇವರನ್ನು ಮದುವೆಯಾದಂದಿನಿಂದ ನೋಡುತ್ತಿದ್ದೇನೆ. ಸುಳ್ಳು ಹೇಳಲು ಬಾರದ ಮನುಷ್ಯ. ಪಾಸಾಗದ ಹುಡುಗನ ಪಾಲಕರಿಗೆ ಮುಖದ ಮೇಲೆಯೇ ಹೇಳಿ ಬೈಸಿಕೊಂಡು ಬರುವವರು. ಈಗ ನೀಲವ್ವನ ಹತ್ತಿರ ಹೋಗಿ ತಾವು ಹೇಳಿದ ವಿಜ್ಞಾನ ತಪ್ಪು ಎನ್ನಬೇಕೇ? ತಪ್ಪಲ್ಲವಲ್ಲ. ಅವಳು ಬಸುರಿ ಎನ್ನಬೇಕೇ? ಅದರಿಂದ ಕೊಡ ಇಳಿಯುವುದಿಲ್ಲ. ಇವರು ಕೈ ತೊಳೆದು ಕಟ್ಟೆಯ ಮೇಲೆ ಕೂತರು.

ಮರುದಿನ ಬೆಳಿಗ್ಗೆ ನೋಡಿದರೆ ಸೈಕಲ್ಲು ಮನೆಯಲ್ಲಿದೆ, ಸವಾರ ಇಲ್ಲ. ಗಂಡ ಸೈಕಲ್ ಬಿಟ್ಟು ಹೋದರೆ ಏನರ್ಥ ಎಂದು ನಾನು ಬೀದಿಗೆ ಬಂದು ನಿಂತೆ. ಬಸ್‌ಸ್ಟ್ಯಾಂಡಿನ ಕಡೆಯಿಂದ ಒಂದು ಮೆರವಣಿಗೆಯೇ ಬರುತ್ತಿತ್ತು. ಮುಂದೆ ನಮ್ಮವರು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಹೆಗಲ ಮೇಲೊಂದು ತುಂಬಿದ ಕೊಡ, ಸೊಂಟಕ್ಕೊಂದು. ಹಿಂದೆ ಬರಿಗೈಯಲ್ಲಿ ಕಸ್ತೂರಿ, ನಾಚಿಕೆಯಿಂದ ತಲೆ ಎತ್ತದೆ. ಅವಳ ಹಿಂದೆ ಬೋರಿಂಗಿನಲ್ಲಿದ್ದ ಹೆಣ್ಣುಮಕ್ಕಳೆಲ್ಲರೂ, ಒಬ್ಬಳ ಕೈಯಲ್ಲಿ ಕಸ್ತೂರಿಯ ಮೂರನೆಯ ಖಾಲಿ ಕೊಡ. ಮಾಸ್ತರರ ಅಂಗಿ ತೊಯ್ದು ಮೈಗೆ ಅಂಟಿತ್ತು, ಕಾಲು ಅಡ್ಡಡ್ಡ ಬೀಳುತ್ತಿದ್ದವು. ನೀಲವ್ವನ ಬಾಗಿಲಿಗೆ ಬಂದವರೇ ಇವರು ಕೊಡ ಇಳಿಸಲು ಹೋಗಿ, ಹೊಟ್ಟೆ ಹಿಡಿದುಕೊಂಡು, ಅಲ್ಲಿಯೇ ಕುಕ್ಕರಿಸಿದರು.

"ಯವ್ವನ್ನ ಕರೀರಿ," ಎಂದರು. "ಬಟ್ಟಿ ಸರದೈತಿ."

ಅತ್ತೆ ತಂಬಿಗೆ ಹಿಡಿದುಕೊಂಡೇ ಬಂದರು. ಯಾರು ಹೇಳಿ ಕಳಿಸಿದ್ದರು? ಅಷ್ಟು ಬೇಗ ಹಿಟ್ಟಿನ ಬಿಲ್ಲೆ ಎಲ್ಲಿಂದ ಬಂತು? ನನಗೆ ಆ ಹೊತ್ತಿನಲ್ಲೂ ಈ ಪ್ರಶ್ನೆಗಳು ಹೊಳೆದವು. ನೀಲವ್ವನ ಪಡಸಾಲೆಯಲ್ಲಿಯೇ ಚಾಪೆ ಹಾಸಿ ಮಗನನ್ನು ಮಲಗಿಸಿದರು. ಅಂಗಿ ಎತ್ತಿ ಹೊಟ್ಟೆ ಒತ್ತಿದರು. "ಸರದೈತಿ," ಎಂದರು, ಕಸ್ತೂರಿಗೆ ಹೇಳುವಾಗ ಇರುತ್ತಿದ್ದ ಅದೇ ಮುಖದಲ್ಲಿ. ದೀಪ ಹಚ್ಚಿ ತಂಬಿಗೆ ಬೋರಲು ಹಾಕಿದರು. ವಿಜ್ಞಾನದ ಮಾಸ್ತರರ ಹೊಟ್ಟೆ ಊರಿನವರ ಕಣ್ಣೆದುರಿಗೆ ತಂಬಿಗೆಯೊಳಗೆ ಏರಿತು.

ನೀಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅಲ್ರಿ ಮಾಸ್ತರ್ರ, ನಿನ್ನೆ ನೀವ ಹೇಳಿದ್ರಲ್ಲ, ಇದು ಬರೇ ಗಾಳಿ ಅಂತ?"

"ತಂಬಿಗಿ ಹಿಡಿಯೂದು ಗಾಳೀನರಿ. ಅದು ಖರೇನ," ಎಂದರು ಇವರು ಅಂಗಾತ ಮಲಗಿಕೊಂಡೇ. "ಆದ್ರ ಒಂದ ಹೇಳೂದು ಬಿಟ್ಟಿದ್ದೆ. ಕುಂಬಳಕಾಯಿ ಯಾವಾಗರ ಕೊಡ ಹೊತ್ತೈತೇನ್ರಿ? ಹೊತ್ತವರಿಗೆ ಸರೀತೈತಿ."

ಬೋರಿಂಗಿನ ಹೆಣ್ಣುಮಕ್ಕಳು ಯಾರೂ ನಗಲಿಲ್ಲ. ನೀಲವ್ವ ಕಸ್ತೂರಿಯ ಕಡೆ ನೋಡಿದಳು, ಅಂಗಳದಲ್ಲಿದ್ದ ಕೊಡಗಳ ಕಡೆ ನೋಡಿದಳು. ಆಮೇಲೆ ಮೂರನೆಯ ಖಾಲಿ ಕೊಡ ಎತ್ತಿಕೊಂಡು ತಾನೇ ಬೋರಿಂಗಿನ ದಾರಿ ಹಿಡಿದಳು.

ನಮ್ಮವರಿಗೆ ಖರೇನೇ ನೋವಾಗಿತ್ತೋ, ಜೀವಮಾನದಲ್ಲಿ ಒಂದೇ ಒಂದು ಸುಳ್ಳನ್ನು ಅವತ್ತು ಖರ್ಚು ಮಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದಾಗಲೆಲ್ಲ, "ಭಾಳ ಭಾರ ಇತ್ತು," ಎಂದಷ್ಟೇ ಹೇಳುತ್ತಾರೆ. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ.

ಕಸ್ತೂರಿ ಆಮೇಲೆ ಕೊಡ ಮುಟ್ಟಲಿಲ್ಲ. ದಸರೆಯ ಹೊತ್ತಿಗೆ ಮೋರಟಗಿಯಲ್ಲಿ ಹೆಣ್ಣು ಹಡೆದಳು. ತಾಯಿ ಕೂಸು ಇಬ್ಬರೂ ಗಟ್ಟಿಯಾಗಿದ್ದರು. ಆದರೆ ಅದು ಮುಂದಿನ ಮಾತು. ಅದಕ್ಕೂ ಮೊದಲು, ಯುಗಾದಿಯ ಬೇವು ತಿಂದ ಕೆಲವೇ ದಿನಗಳಲ್ಲಿ, ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲು ಸದ್ದಾಯಿತು. ನೀಲವ್ವ ಬಂದಿದ್ದಳು. ಒಬ್ಬಳೇ. ಜಗಳಕ್ಕೇ ಬಂದಿದ್ದಾಳೆ ಎಂದು ನಾನು ಒಳಗಿನಿಂದ ಓಡಿ ಬಂದೆ.

ಅವಳು ನೆಲದ ಮೇಲೆ ಕೂತಳು. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ, ಮೆಲ್ಲಗೆ ಮಾತಾಡಿದಳು.

"ಈಕಿ ಬಸುರಿ ಅದಾಳಂತ ನನಗ ಗೊತ್ತಿಲ್ಲಂತ ತಿಳದೀರೇನು? ಮುಂಜಾನೆದ್ದು ವಾಂತಿ ಮಾಡೂದು ಗ್ವಾಡಿಗೆ ಕೇಳಸ್ತೈತಿ. ನನಗ ಕೇಳಸಂಗಿಲ್ಲೇನು?"

"ಗೊತ್ತಿದ್ರ ಯಾಕ ಹೊರಿಸಾಕ ಹೊಂಟಿದ್ದಿ?" ಎಂದರು ಅತ್ತೆ.

"ನಾನೂ ಹೊತ್ತಿದ್ನಲ್ಲ ಗಂಗಕ್ಕ. ನಮ್ಮತ್ತೀನೂ ಹೊತ್ತಿದ್ಲು. ನನ್ನವು ಎರಡು ಹಂಗ ಹ್ವಾದುವು. ಯಾರೂ ಬ್ಯಾಡ ಅನಲಿಲ್ಲ. ಹೆಂಗಸಿನ ಬಾಳೇವು ಅಂದ್ರ ಹಿಂಗ ಇರ್ತೈತಿ ಅಂತ ತಿಳದಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಈ ವಯಸ್ಸಿನಾಗ ಮತ್ತ ಹೊರಾಕ ಹತ್ತಿದ ಮ್ಯಾಲ ಗೊತ್ತಾತು. ನನ್ನದೂ ಒಂದೀಟ ನೋಡು."

ಅವಳು ತಾನಾಗಿಯೇ ಚಾಪೆ ಹಾಸಿಕೊಂಡು ಮಲಗಿದಳು. ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟರು. ಬಹಳ ಹೊತ್ತು ಇಟ್ಟಿದ್ದರು. ನಾನು ಬಾಗಿಲ ಸಂದಿಯಲ್ಲಿ ಇರಲಿಲ್ಲ, ಪಕ್ಕದಲ್ಲಿಯೇ ಕೂತು ಬತ್ತಿ ಹೊಸೆಯುತ್ತಿದ್ದೆ. ನನಗೆ ಅಳು ಬಂದಿತ್ತು.

"ಸರದೈತಿ," ಎಂದರು ಅತ್ತೆ. "ಸರದು ಭಾಳ ವರ್ಷ ಆಗೈತಿ."

ದೀಪ ಹಚ್ಚಿದರು. ತಂಬಿಗೆ ಹಿಡಿಯಿತು. ನೀಲವ್ವ ಕಣ್ಣು ಮುಚ್ಚಿದಳು. ತಂಬಿಗೆ ಬಿಡಿಸಿದ ಮೇಲೆ ಅತ್ತೆ ಎಂದಿನ ಮಾತು ಹೇಳಿದರು. "ಮುಂದಿನ ಸಂತಿ ತನಕ ಕೊಡ ಎತ್ತಂಗಿಲ್ಲ."

ನೀಲವ್ವ ಎದ್ದು ಕೂತಳು. "ಸೊಸೀನೂ ಎತ್ತಂಗಿಲ್ಲ, ನಾನೂ ಎತ್ತಂಗಿಲ್ಲ. ಮತ್ತ ನೀರ ಯಾರ ತರಬೇಕು?"

"ನಿಮ್ಮ ಮನ್ಯಾಗ ಇನ್ನಿಬ್ಬರು ಅದಾರಲ್ಲ," ಎಂದರು ಅತ್ತೆ. "ಅವರ ಬಟ್ಟಿ ಇನ್ನೂ ಜಾಗಾದಾಗ ಐತಿ."

ಮರುದಿನ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ, ನಮ್ಮವರು ಪಕ್ಕದಲ್ಲಿ ಪೇಪರು ಓದುತ್ತಿದ್ದರು. ನೀಲವ್ವನ ಗಂಡ ಬಸಣ್ಣ ಬೋರಿಂಗಿನ ಕಡೆಯಿಂದ ಬರುತ್ತಿದ್ದ. ಎತ್ತು ಹೂಡಿ ದಿನವಿಡೀ ನೇಗಿಲು ಹೊಡೆಯುವ ಗಟ್ಟಿ ಆಳು. ಹೆಗಲ ಮೇಲೆ ಒಂದೇ ಒಂದು ಕೊಡ. ದಾರಿಯಲ್ಲಿ ಅಲ್ಲಲ್ಲಿ ಇಳಿಸಿ ನಿಂತ ಗುರುತಿಗೆ ನೀರು ಚೆಲ್ಲಿತ್ತು. ನಮ್ಮ ಕಟ್ಟೆಯ ತನಕ ಬಂದು, ಕೊಡ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಉಸಿರು ತೆಗೆದುಕೊಂಡ. ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತ.

"ಮಾಸ್ತರ್ರ, ನೀವ ಓದಿದವರು, ನಿಮಗ ಗೊತ್ತಿರಬೇಕು," ಎಂದ. "ಈ ಕೊಡ ಯಾವಾಗಿಂದ ಇಷ್ಟ ವಜ್ಜಿ ಆಗ್ಯಾವ್ರಿ?"

ನಮ್ಮವರು ಪೇಪರು ಮಡಚಿ ವಿವರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಮದಲಿಂದನೂ ಅಷ್ಟ ಅದಾವ ಅಂತ ಹೇಳು ಅವಗ," ಎಂದರು ನಮ್ಮತ್ತೆ.